ಅಂಗಡಿ ಕಟ್ಟೆಯಿಂದ: ಗಾಲ್ಫ್ ಆಟದ ಲೆಕ್ಕ

ಹೋದ ಸಂಚಿಕೆಯಲ್ಲಿ ನಾವು ಮದುವೆ ಛತ್ರಗಳ ಬಾಡಿಗೆಯ ವಿಚಾರ ಬರೆದಿದ್ದೆವು. ಈ ತಿಂಗಳು ಅಂಗಡಿ, ಮನೆ, ಮದುವೆಗಳ ಮಾತನ್ನು ಬದಿಗಿಟ್ಟು ಒಂದು ಆಟದ ಮಾತು ಹೇಳೋಣವೆಂದಿದ್ದೇವೆ. ಆಟವೆಂದರೆ ಚೆನ್ನೆಮಣೆಯಲ್ಲ, ಕ್ರಿಕೆಟ್ಟೂ ಅಲ್ಲ, ಗಾಲ್ಫ್. ಇವರಿಗೆ ಈ ವಯಸ್ಸಿನಲ್ಲಿ ಇದೇನು ಬಂತು ಎಂದು ಓದುಗರು ನಗಬಹುದು. ನಗಲಿ. ನಮ್ಮ ಮನೆಯವರು ಇದಕ್ಕಿಂತ ಜೋರಾಗಿ ನಕ್ಕಿದ್ದಾರೆ.

ನಮ್ಮ ತಂದೆಯವರು ವಯನಾಡಿನಿಂದ ನೀಲಗಿರಿಗೆ ಬಂದು ಮೆಣಸು, ಕಾಫಿ, ದಿನಸಿ ವ್ಯಾಪಾರಕ್ಕೆ ನಿಂತವರು. ನಾವೂ ಎಸ್.ಎಸ್.ಎಲ್.ಸಿ. ಮುಗಿಸಿದ ಮರುವಾರವೇ ಗಲ್ಲಾದ ಮುಂದೆ ಕುಳಿತವರು. ನಲವತ್ತು ವರ್ಷ ಕುಳಿತೇ ಇದ್ದುದರ ಫಲವಾಗಿ ಸಕ್ಕರೆ ಕಾಯಿಲೆ ಬಂತು. ಡಾಕ್ಟರರು ದಿನಕ್ಕೆ ಒಂದು ಗಂಟೆ ನಡೆಯಿರಿ ಎಂದರು. ಸುಮ್ಮನೆ ನಡೆಯಲು ನಮಗೆ ಬೇಸರ. ಕೂನೂರಿನ ಚಹಾ ಹರಾಜಿನಲ್ಲಿ ದಲ್ಲಾಳಿಯಾಗಿರುವ ನಮ್ಮ ಸ್ನೇಹಿತರೊಬ್ಬರು, "ಬನ್ನಿ ಯಜಮಾನ್ರೇ, ಚೆಂಡು ಹೊಡೆಯುತ್ತಾ ನಡೆದರೆ ಹತ್ತು ಕಿಲೋಮೀಟರ್ ಆದದ್ದೇ ಗೊತ್ತಾಗುವುದಿಲ್ಲ" ಎಂದು ಬೆಟ್ಟದ ಮೇಲಿನ ಮೈದಾನಕ್ಕೆ ಕರೆದುಕೊಂಡು ಹೋದರು. ಹಾಗೆ ಶುರುವಾದದ್ದು. ಆಟಗಾರರು ಎಡಗೈಗೆ ತೊಡುವ ಕೈಚೀಲ ಕುರಿಯ ಚರ್ಮದ್ದು. ನಾವು ಬಟ್ಟೆ ಮತ್ತು ರಬ್ಬರಿನದನ್ನು ತರಿಸಿಕೊಂಡೆವು. ಹಣ ಕಟ್ಟಿ ಆಡುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟೆವು. ಸೋತವರು ಚಹಾ ಕೊಡಿಸುವುದು ಎಂದಾಯಿತು. ಅದು ಜೂಜಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಮ್ಮ ಮನೆಯವರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ದೊಡ್ಡ ಬಯಲಿನಲ್ಲಿ ಹದಿನೆಂಟು ಕಡೆ ಕುಳಿಗಳಿರುತ್ತವೆ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಒಂದು ಗುರುತಿನ ಜಾಗದಿಂದ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಹೋಗಿ ಆ ಕುಳಿಗೆ ಬೀಳಿಸಬೇಕು. ಎಷ್ಟು ಏಟಿನಲ್ಲಿ ಬೀಳಿಸಿದಿರಿ ಎಂಬುದೇ ಲೆಕ್ಕ. ಕಡಿಮೆ ಏಟು ಹೊಡೆದವನು ಗೆದ್ದ. ನಮ್ಮ ಕಿರ್ದಿಯಲ್ಲಿ ಜಾಸ್ತಿ ಬರೆದರೆ ಸಂತೋಷ, ಇಲ್ಲಿ ಕಡಿಮೆ ಬರೆದರೆ ಸಂತೋಷ. ಕಷ್ಟವಿರುವುದೂ ಅಲ್ಲಿಯೇ, ಏಕೆಂದರೆ ಬರೆಯುವವರು ಆಡುವವರೇ. ಕ್ರಿಕೆಟ್ಟಿನಲ್ಲಿ ಅಂಪೈರ್ ಬೆರಳೆತ್ತುತ್ತಾನೆ, ಕಬಡ್ಡಿಯಲ್ಲಿ ಸೀಟಿ ಊದುವವನಿದ್ದಾನೆ. ಗಾಲ್ಫ್ ಬಯಲಿನಲ್ಲಿ ಒಬ್ಬನ ಚೆಂಡು ಎಡಗಡೆಯ ನೀಲಗಿರಿ ಮರದ ತೋಪಿನಲ್ಲಿ, ಇನ್ನೊಬ್ಬನದು ಬಲಗಡೆಯ ಇಳಿಜಾರಿನಲ್ಲಿ. ಮಂಜು ಇಳಿದರೆ ಇಪ್ಪತ್ತು ಗಜದ ಆಚೆ ಇರುವವನು ಏನು ಮಾಡುತ್ತಿದ್ದಾನೆಂದು ದೇವರಿಗೇ ಗೊತ್ತು.

ಈ ಆಟದ ಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರದ ಲೀತ್ ಎಂಬಲ್ಲಿ ಆದವು. ಬೆಳ್ಳಿಯ ಕೋಲೊಂದನ್ನು ಬಹುಮಾನವಾಗಿಟ್ಟು ಪಂದ್ಯ ನಡೆಸಬೇಕಾಗಿ ಬಂದಾಗ ಬರೆದುಕೊಂಡ ನಿಯಮಗಳು ಹದಿಮೂರೇ ಹದಿಮೂರು. ತಮ್ಮ ತಮ್ಮಲ್ಲಿ ಆಡಿಕೊಂಡಿರುವಷ್ಟು ಕಾಲ ಬರೆದ ನಿಯಮ ಬೇಕಾಗಿರಲಿಲ್ಲ, ಬಹುಮಾನ ಬಂದ ಕೂಡಲೇ ಬೇಕಾಯಿತು ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು. ಚೆಂಡು ಕಳೆದುಹೋದರೆ ಮೊದಲು ಹೊಡೆದ ಜಾಗಕ್ಕೇ ಹಿಂದಿರುಗಿ, ಎದುರಾಳಿಗೆ ಒಂದು ಏಟು ಬಿಟ್ಟುಕೊಟ್ಟು ಇನ್ನೊಂದು ಚೆಂಡು ಆಡಬೇಕೆಂದು ಅಂದೇ ಬರೆದಿದ್ದರು. ಇಂದಿಗೂ ಅದೇ ನಿಯಮ. ಆಮೇಲೆ ನಿಯಮಗಳು ಬೆಳೆದು ಬೆಳೆದು ಮೂವತ್ತನಾಲ್ಕಾದವು. ಬ್ರಿಟನ್ನಿನ ಸೇಂಟ್ ಆಂಡ್ರೂಸಿನಲ್ಲಿರುವ ಸಂಸ್ಥೆ ಮತ್ತು ಅಮೆರಿಕದ ಸಂಸ್ಥೆ ಎರಡೂ ಸೇರಿ 2019ರ ಜನವರಿಯಿಂದ ಅವನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿದವು. ಕಳೆದ ಚೆಂಡು ಹುಡುಕಲು ಹಿಂದೆ ಐದು ನಿಮಿಷವಿತ್ತು, ಈಗ ಮೂರೇ ನಿಮಿಷ.

ಪುಸ್ತಕದಲ್ಲಿರುವುದು ಇದು. ಭಾನುವಾರದ ಬೆಳಿಗ್ಗೆ ನಡೆಯುವುದು ಬೇರೆ.

ನಮ್ಮದು ನಾಲ್ವರ ತಂಡ. ನಾವು, ಚಹಾ ದಲ್ಲಾಳಿಗಳು, ಕಬ್ಬಿಣದ ಸಾಮಾನಿನ ವ್ಯಾಪಾರಿಯೊಬ್ಬರು ಮತ್ತು ಕೊಡಗಿನ ಕಡೆಯ ನಿವೃತ್ತ ಕರ್ನಲ್ ಒಬ್ಬರು. ಮೊದಲ ಏಟು ಪೊದೆಗೆ ಹೋದರೆ "ಅದು ಲೆಕ್ಕಕ್ಕಿಲ್ಲ, ಇನ್ನೊಂದು ಹೊಡೆಯಿರಿ" ಎನ್ನುತ್ತಾರೆ. ಇದಕ್ಕೆ ಮುಲ್ಲಿಗನ್ ಎಂದು ಹೆಸರು. ಪುಸ್ತಕದಲ್ಲಿ ಇಂಥದೊಂದು ಇಲ್ಲವೇ ಇಲ್ಲ. ಚೆಂಡು ಕುಳಿಯಿಂದ ಎರಡು ಅಡಿ ದೂರ ನಿಂತರೆ "ಎತ್ತಿಕೊಳ್ಳಿ, ಹೋಗೇ ಹೋಗುತ್ತಿತ್ತು" ಎನ್ನುತ್ತಾರೆ. ಇದು ಗಿಮ್ಮಿ. ಎರಡು ಅಡಿ ಬರುಬರುತ್ತಾ ಮೂರಾಗುತ್ತದೆ, ಮಳೆ ಹನಿಯುವ ದಿನ ನಾಲ್ಕೂ ಆಗುತ್ತದೆ. ಚೆಂಡು ಬೇರಿನ ಸಂದಿಯಲ್ಲಿದ್ದರೆ ಬೂಟಿನ ತುದಿಯಿಂದ ಅರ್ಧ ಅಡಿ ಸರಿಸುವುದುಂಟು. ಕೋಲು ಬೀಸಿದರೂ ಚೆಂಡಿಗೆ ತಾಗದಿದ್ದರೆ "ಅಭ್ಯಾಸಕ್ಕೆ ಬೀಸಿದ್ದು" ಎನ್ನುವುದುಂಟು. ಕಳೆದ ಚೆಂಡಿಗಾಗಿ ಇನ್ನೂರು ಗಜ ಹಿಂದಕ್ಕೆ ನಡೆದವರನ್ನು ಭಾನುವಾರದಂದು ನಾವು ಕಂಡೇ ಇರಲಿಲ್ಲ. ಅಲ್ಲೇ ಪೊದೆಯ ಪಕ್ಕ ಇನ್ನೊಂದು ಚೆಂಡು ಹಾಕಿ, ಒಂದು ಏಟು ಸೇರಿಸಿ, ಮುಂದೆ ಹೋಗುವುದೇ ರೂಢಿ. ಒಂದು ಏಟನ್ನೂ ಸೇರಿಸದವರಿದ್ದಾರೆ. ಚೀಲ ಹೊರುವ ಕ್ಯಾಡಿ ಹುಡುಗರೂ ಪಾಪ, ಯಜಮಾನರ ಮುಖ ನೋಡಿ ಚೆಂಡನ್ನು "ಒಳ್ಳೆಯ ಜಾಗದಲ್ಲೇ ಸಿಕ್ಕಿತು ಸಾರ್" ಎನ್ನುತ್ತಾರೆ. ಅವರ ಸಂಜೆಯ ಇನಾಮು ಆ ಮಾತಿನಲ್ಲಿದೆ.

ಇದೆಲ್ಲ ಮೋಸವೇ? ಅಲ್ಲವೆಂದೇ ನಾವು ಬಹಳ ದಿನ ವಾದಿಸಿದೆವು. ಮನೆಯಲ್ಲಿ ಅಡುಗೆ ಮಾಡುವವರು ಅಕ್ಕಿಯನ್ನು ಪಾವಿನಲ್ಲಿ, ಉಪ್ಪನ್ನು ಬೆರಳಿನಲ್ಲಿ ಅಳೆಯುತ್ತಾರೆ. ಅವರಿಗೆ ಸರ್ಕಾರದ ಮುದ್ರೆ ಬಿದ್ದ ತೂಕದ ಕಲ್ಲು ಬೇಕೆಂದು ಯಾರೂ ಕೇಳುವುದಿಲ್ಲ. ಮುದ್ರೆ ಬೇಕಾದದ್ದು ಅಂಗಡಿಯ ತಕ್ಕಡಿಗೆ. ಹಾಗೆಯೇ ನಾಲ್ಕು ಜನ ಸ್ನೇಹಿತರು ಗಾಳಿ ಸೇವನೆಗೆ ಆಡುವಾಗ ನಿಯಮದ ಪುಸ್ತಕ ಯಾಕೆ ಬೇಕು? ಹಿಂದೆ ಆಡುವವರು ಕಾಯುತ್ತಿರುತ್ತಾರೆ. ಹಿಂದಕ್ಕೂ ಮುಂದಕ್ಕೂ ನಡೆಯುತ್ತಾ ಕುಳಿತರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಪುಸ್ತಕ ಬರೆದವರಿಗೂ ಈ ಕಷ್ಟ ಗೊತ್ತಾಗಿದೆ. ಹಿಂದಕ್ಕೆ ನಡೆಯುವ ಬದಲು ಎರಡು ಏಟು ದಂಡ ಸೇರಿಸಿಕೊಂಡು ಚೆಂಡು ಕಳೆದ ಕಡೆಯೇ ಮುಂದುವರಿಯಬಹುದೆಂದು ಮೈದಾನದವರು ಸ್ಥಳೀಯ ನಿಯಮ ಮಾಡಿಕೊಳ್ಳಲು 2019ರಲ್ಲಿ ಅವಕಾಶ ಕೊಟ್ಟಿದ್ದಾರೆ. ದೊಡ್ಡ ಪಂದ್ಯಗಳಿಗೆ ಅದು ಸಲ್ಲದು, ಸಾಮಾನ್ಯ ಆಟಕ್ಕೆ ಸಲ್ಲುತ್ತದೆ. ಮಳೆಗಾಲದಲ್ಲಿ ನೆಲ ಕೆಟ್ಟಿದ್ದರೆ ಚೆಂಡನ್ನು ಎತ್ತಿ ಒರೆಸಿ ಪಕ್ಕದಲ್ಲಿಡಬಹುದೆಂದೂ ಮೈದಾನದ ಸಮಿತಿ ಹೇಳಬಹುದು. ಸಮಿತಿ ಹೇಳಬೇಕು, ನಮ್ಮ ಬೂಟು ಹೇಳಿದರೆ ಆಗದು.

ಗಿಮ್ಮಿಯೂ ಪೂರ್ತಿ ಸುಳ್ಳಲ್ಲ. ಇಬ್ಬರು ಎದುರುಬದುರು ಕುಳಿ ಕುಳಿಗೆ ಗೆಲುವು ಸೋಲು ನೋಡುವ ಆಟದಲ್ಲಿ ಎದುರಾಳಿಯ ಮುಂದಿನ ಏಟನ್ನು ಬಿಟ್ಟುಕೊಡಲು ನಿಯಮವೇ ಒಪ್ಪುತ್ತದೆ. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲಿನಲ್ಲಿ 1969ರ ರೈಡರ್ ಕಪ್ಪಿನ ಕೊನೆಯ ಕುಳಿಯಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸ್ ಅವರು ಬ್ರಿಟನ್ನಿನ ಟೋನಿ ಜಾಕ್ಲಿನ್ ಅವರಿಗೆ ಎರಡು ಮೂರು ಅಡಿಯ ಏಟೊಂದನ್ನು ಬಿಟ್ಟುಕೊಟ್ಟರು. ಇಡೀ ಪಂದ್ಯ 16ಕ್ಕೆ 16 ಸಮವಾಯಿತು. ಅದನ್ನು ಇಂದಿಗೂ ಜನ ಕೊಂಡಾಡುತ್ತಾರೆ. ಆದರೆ ಒಟ್ಟು ಏಟು ಎಣಿಸುವ ಆಟದಲ್ಲಿ ಹೀಗೆ ಬಿಟ್ಟುಕೊಡಲು ಬರುವುದಿಲ್ಲ. ಅಲ್ಲಿ ಎದುರಾಳಿ ಒಬ್ಬನಲ್ಲ, ಮೈದಾನದಲ್ಲಿರುವ ಎಲ್ಲರೂ. ಅವರ ಹಕ್ಕನ್ನು ಬಿಟ್ಟುಕೊಡಲು ನಾವು ಯಾರು?

ಕರ್ನಲ್ ಸಾಹೇಬರು ಮಾತ್ರ ಒಂದು ಏಟನ್ನೂ ಬಿಡದವರು. ಅವರು ನಮಗೆ ಬಾಬಿ ಜೋನ್ಸ್ ಎಂಬ ಅಮೆರಿಕನ್ನರ ಕಥೆ ಹೇಳಿದ್ದೂ ಹೇಳಿದ್ದೇ. ಜೋನ್ಸ್ ಕೊನೆಯವರೆಗೂ ಹಣಕ್ಕಾಗಿ ಪಂದ್ಯ ಆಡದ ಹವ್ಯಾಸಿ, ವೃತ್ತಿಯಿಂದ ವಕೀಲರಾದವರು. 1925ರ ಅಮೆರಿಕದ ಓಪನ್ ಪಂದ್ಯ ವೂಸ್ಟರಿನಲ್ಲಿ ನಡೆದಾಗ ಅವರಿಗೆ ಇಪ್ಪತ್ತಮೂರು ವರ್ಷ. ಎತ್ತರದ ಹುಲ್ಲಿನಲ್ಲಿ ಕೋಲು ಹಿಡಿದು ನಿಂತಾಗ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ನೋಡಿಲ್ಲ. ಅಧಿಕಾರಿಗಳು ವಿಚಾರಿಸಿ, ನಿರ್ಧಾರ ನಿಮಗೇ ಬಿಟ್ಟದ್ದು ಎಂದರು. ಅವರು ತಮ್ಮ ಮೇಲೆ ಒಂದು ಏಟು ದಂಡ ಹಾಕಿಕೊಂಡರು. ಎಪ್ಪತ್ತೆರಡು ಕುಳಿ ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಅವರೊಂದಿಗೆ ಸಮವಾಗಿ ನಿಂತು, ಮರು ಆಟದಲ್ಲಿ ಸೋತರು. ಆ ಒಂದು ಏಟಿಲ್ಲದಿದ್ದರೆ ಗೆದ್ದಿರುತ್ತಿದ್ದರು. ಹೊಗಳಲು ಬಂದವರ ಮೇಲೆ ಅವರು ಸಿಡುಕಿದರಂತೆ, ಕದಿಯದೆ ಇದ್ದದ್ದಕ್ಕೆ ಹೊಗಳಿಕೆ ಏಕೆ ಎಂಬ ಅರ್ಥದಲ್ಲಿ.

ಇನ್ನೊಂದು ಕಥೆ ನಮಗೆ ಇದಕ್ಕಿಂತ ಹೆಚ್ಚು ನಾಟಿತು, ಅದರಲ್ಲಿ ಲೆಕ್ಕದ ಪುಸ್ತಕ ಇರುವುದರಿಂದ. ಅರ್ಜೆಂಟೈನಾದ ರಾಬರ್ಟೊ ಡಿ ವಿಸೆಂಜೊ 1968ರ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ, ಅಂದು ಅವರ ನಲವತ್ತೈದನೆಯ ಹುಟ್ಟುಹಬ್ಬ, ಹದಿನೇಳನೆಯ ಕುಳಿಯನ್ನು ಮೂರು ಏಟಿನಲ್ಲಿ ಮುಗಿಸಿದರು. ಜೊತೆಗಾರ ಕಾರ್ಡಿನಲ್ಲಿ ನಾಲ್ಕು ಎಂದು ಬರೆದುಬಿಟ್ಟರು. ಇವರು ನೋಡದೆ ಸಹಿ ಹಾಕಿದರು. ಸಾವಿರಾರು ಜನ ಕಣ್ಣಾರೆ ಮೂರು ಎಂದು ಕಂಡಿದ್ದರೂ ಸಹಿ ಬಿದ್ದ ಮೇಲೆ ನಾಲ್ಕೇ ಖಾಯಂ. ಒಂದು ಏಟಿನಿಂದ ಬಾಬ್ ಗೋಲ್ಬಿ ಗೆದ್ದರು. ರಸೀದಿ ಓದದೆ ಸಹಿ ಹಾಕುವ ನಮ್ಮ ಅಂಗಡಿ ಹುಡುಗರಿಗೆ ನಾವು ಈ ಕಥೆ ಹೇಳುವುದುಂಟು. ಅವರು ಕೇಳಿಸಿಕೊಂಡು ಮತ್ತೆ ಓದದೆಯೇ ಸಹಿ ಹಾಕುತ್ತಾರೆ.

ಚಹಾ ದಲ್ಲಾಳಿಗಳದು ಒಂದು ಸಿದ್ಧಾಂತವಿತ್ತು. ಗಾಲ್ಫ್ ಬಯಲಿನಲ್ಲಿ ಚೆಂಡು ಸರಿಸುವವನಿಗೆ ಉದ್ರಿ ಕೊಡಬೇಡಿ, ಸರಿಸದವನಿಗೆ ಕಣ್ಣು ಮುಚ್ಚಿ ಕೊಡಿ ಎನ್ನುತ್ತಿದ್ದರು. ತಾವೇ ಸರಿಸುತ್ತಿದ್ದರು, ಆ ಮಾತು ಬೇರೆ. ಕೇಳಲು ಚೆನ್ನಾಗಿದೆ, ನಾವೂ ನಂಬಿದೆವು. ಬೇರೆ ಊರಿನಿಂದ ಆಡಲು ಬರುತ್ತಿದ್ದ ಒಬ್ಬ ಮಹನೀಯರು ನಿಯಮದಲ್ಲಿ ಬಹಳ ಕಟ್ಟುನಿಟ್ಟು. ಮರಳಿನ ಗುಂಡಿಯಲ್ಲಿ ಕೋಲಿನ ತುದಿ ಮರಳಿಗೆ ತಾಗಿತೆಂದು ತಾವೇ ಹೇಳಿ ಎರಡು ಏಟು ಹಾಕಿಕೊಂಡದ್ದನ್ನು ನಾವು ಕಂಡೆವು. ಆ ನಂಬಿಕೆಯ ಮೇಲೆ ಅವರಿಗೆ ಮೆಣಸು ಉದ್ರಿ ಕೊಟ್ಟೆವು. ಇಂದಿಗೂ ಆ ಖಾತೆ ನಮ್ಮ ಪುಸ್ತಕದಲ್ಲಿ ಹಾಗೆಯೇ ನಿಂತಿದೆ. ಇತ್ತ ಭಾನುವಾರ ತಪ್ಪದೆ ಚೆಂಡು ಸರಿಸುವ ಕಬ್ಬಿಣದ ವ್ಯಾಪಾರಿಗಳು ಇಪ್ಪತ್ತು ವರ್ಷದಲ್ಲಿ ಒಂದು ಬಿಲ್ಲನ್ನೂ ಒಂದು ದಿನ ತಡ ಮಾಡಿದವರಲ್ಲ. ಆದುದರಿಂದ ಆಟ ನೋಡಿ ಮನುಷ್ಯನನ್ನು ಅಳೆಯಬಹುದೆಂದು ಬಲ್ಲವರು ಬರೆದರೂ ಬಂಧುಗಳು ಉದ್ರಿ ಕೊಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸುವುದೇ ಲೇಸು.

ಎರಡು ವರ್ಷದ ಹಿಂದೆ, ಬೇಸಿಗೆ ರಜೆಗೆ ಬಂದಿದ್ದ ನಮ್ಮ ಮಗಳ ಮಗ ಮೈದಾನಕ್ಕೆ ನಾನೂ ಬರುತ್ತೇನೆಂದು ಹಟ ಮಾಡಿದ. ಹನ್ನೊಂದು ವರ್ಷದ ಹುಡುಗ. ನಮ್ಮ ಬೆಟ್ಟದಲ್ಲಿ ಗಾರ್ಸ್ ಎಂಬ ಮುಳ್ಳುಪೊದೆ ಬಹಳ. ಬಿಳಿಯರು ತಂದು ನೆಟ್ಟದ್ದು, ಹಳದಿ ಹೂ ಬಿಟ್ಟಾಗ ನೋಡಲು ಚೆಂದ, ಕೈ ಹಾಕಿದರೆ ರಕ್ತ. ಒಂದು ಕುಳಿಯಲ್ಲಿ ನಮ್ಮ ಚೆಂಡು ಅದರ ಬುಡಕ್ಕೆ ಹೋಯಿತು. ಆಡಲಾಗದ ಜಾಗವೆಂದು ಹೇಳಿ, ಒಂದು ಏಟು ದಂಡ ಹಾಕಿಕೊಂಡು, ಎರಡು ಕೋಲಿನಷ್ಟು ದೂರದೊಳಗೆ ಚೆಂಡು ಬೀಳಿಸಿಕೊಳ್ಳಲು ನಿಯಮದಲ್ಲಿ ದಾರಿಯಿದೆ. ನಾವು ಆ ದಾರಿ ಹಿಡಿಯದೆ ರೂಢಿಯಂತೆ ಬೂಟಿನಿಂದ ಹೊರಕ್ಕೆ ತಂದೆವು. ಒಂದು ಸಲ ಬೀಸಿದ್ದು ತಾಗಲಿಲ್ಲ. ಕೊನೆಗೆ ಕುಳಿಯ ಹತ್ತಿರ ಬಂದಾಗ ದಲ್ಲಾಳಿಗಳು "ಎತ್ತಿಕೊಳ್ಳಿ" ಎಂದರು, ಎತ್ತಿಕೊಂಡೆವು. ಕಾರ್ಡು ಬರೆಯುವಾಗ "ಆರು" ಎಂದೆವು.

"ಅಜ್ಜ, ಎಂಟು" ಎಂದ ಹುಡುಗ. ಬೆರಳು ಮಡಚಿ ಎಣಿಸಿಕೊಂಡೇ ಬಂದಿದ್ದ. ತಾಗದ ಏಟು ಒಂದು, ಎತ್ತಿಕೊಂಡ ಏಟು ಒಂದು. ಬೂಟಿನದನ್ನು ಪಾಪ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ದಲ್ಲಾಳಿಗಳು ನಕ್ಕು, "ಮರಿ, ಇದು ಬರೀ ತಮಾಷೆಯ ಆಟ" ಎಂದರು.

"ಹಾಗಾದರೆ ಯಾಕೆ ಬರೆದುಕೊಳ್ಳುತ್ತೀರಿ?"

ಯಾರೂ ಉತ್ತರ ಹೇಳಲಿಲ್ಲ. ಕರ್ನಲ್ ಸಾಹೇಬರು ಮೋಡ ನೋಡಿದರು. ನಾವು ಎಂಟು ಎಂದು ತಿದ್ದಿದೆವು, ಆದರೆ ಆ ಒಂದು ಕುಳಿಗೆ ಮಾತ್ರ. ಮಗು ಊರಿಗೆ ಹೋದ ಮೇಲೆ ಮತ್ತೆ ಹಿಂದಿನ ಹಾದಿಯೇ.

ಬರೆದುಕೊಳ್ಳುವುದಕ್ಕೆ ಕಾರಣವಿದೆ, ಅದನ್ನು ಇಲ್ಲಿ ಹೇಳಲೇಬೇಕು. ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡಿದೆ. ಚೆನ್ನಾಗಿ ಆಡುವವನೂ ನಮ್ಮಂಥವನೂ ಸರಿಸಮವಾಗಿ ಆಡಲು ಸಾಧ್ಯವಾಗುವಂತೆ ದುರ್ಬಲನಿಗೆ ಇಷ್ಟು ಏಟು ರಿಯಾಯಿತಿ ಎಂದು ಕೊಡುತ್ತಾರೆ. 2020ರಿಂದ ಜಗತ್ತಿನ ಅನೇಕ ದೇಶಗಳಿಗೆ ಒಂದೇ ಪದ್ಧತಿ ಬಂದಿದೆ. ಈಚಿನ ಇಪ್ಪತ್ತು ಆಟಗಳಲ್ಲಿ ಚೆನ್ನಾಗಿ ಆಡಿದ ಎಂಟರ ಸರಾಸರಿ ಹಿಡಿಯುತ್ತಾರೆ. ಭಾನುವಾರದ ಕಾರ್ಡುಗಳೂ ಅದಕ್ಕೆ ಸೇರಬಹುದು. ತಮಾಷೆಗೆ ಆಡಿ ಬರೆದ ಆರು, ಐದುಗಳು ಹೀಗೆ ಸೇರಿ ಸೇರಿ ನಮ್ಮ ಹ್ಯಾಂಡಿಕ್ಯಾಪ್ ಇಪ್ಪತ್ತೆರಡಕ್ಕೆ ಬಂದು ನಿಂತಿತ್ತು. ಬಂದವರ ಮುಂದೆ ಹೇಳಿಕೊಳ್ಳಲು ಅದು ಒಳ್ಳೆಯ ಅಂಕಿ. ನಿಜವಾದ ಅಂಕಿ ಇಪ್ಪತ್ತೊಂಬತ್ತರ ಸುಮಾರು ಇರಬೇಕು.

ಮರು ಜನವರಿಯಲ್ಲಿ ಜೋಡಿ ಪಂದ್ಯವೊಂದು ಬಂತು. ಕರ್ನಲ್ ಸಾಹೇಬರು ನಮ್ಮನ್ನೇ ಜೊತೆಗೆ ಕರೆದರು. ಎಪ್ಪತ್ತು ದಾಟಿದವರು, ಮಂಡಿ ನೋವು, ಇದೇ ಕೊನೆಯ ಪಂದ್ಯವೆಂದು ಹೇಳಿಕೊಂಡಿದ್ದರು. ಪಂದ್ಯದಲ್ಲಿ ಗಿಮ್ಮಿಯಿಲ್ಲ, ಮುಲ್ಲಿಗನ್ ಇಲ್ಲ, ಬೂಟಿಗೆ ಕೆಲಸವಿಲ್ಲ. ಅವರು ಆ ದಿನ ನಾವು ಕಂಡಷ್ಟು ದಿನದಲ್ಲಿ ಅತಿ ಚೆನ್ನಾಗಿ ಆಡಿದರು. ನಾವು ಎರಡಡಿಯ ಏಟುಗಳನ್ನು ಒಂದರ ಮೇಲೊಂದು ತಪ್ಪಿಸಿದೆವು. ಎಂದೂ ಹೊಡೆದು ರೂಢಿಯಿರಲಿಲ್ಲವಲ್ಲ, ಎತ್ತಿಕೊಂಡೇ ಅಭ್ಯಾಸ. ಎರಡು ಏಟಿನಿಂದ ಸೋತೆವು. ನಮ್ಮ ಹ್ಯಾಂಡಿಕ್ಯಾಪ್ ನಿಜವಾದದ್ದಾಗಿದ್ದರೆ ಸಿಗಬೇಕಾಗಿದ್ದ ರಿಯಾಯಿತಿ ಇನ್ನೂ ಏಳು ಏಟು.

ಕರ್ನಲ್ ಸಾಹೇಬರು ಬಯ್ಯಲಿಲ್ಲ. ಕಾರ್ಡು ಕೊಟ್ಟು ಬಂದು ಬೂಟು ಬಿಚ್ಚುತ್ತಾ, "ಯಜಮಾನ್ರೇ, ನಾನು ಇಪ್ಪತ್ತೆರಡು ಎಂದು ನಂಬಿಕೊಂಡಿದ್ದೆ" ಎಂದರು ಅಷ್ಟೆ. ಸುಳ್ಳು ಲೆಕ್ಕ ಬರೆದದ್ದರಿಂದ ನಷ್ಟವಾದರೆ ನಮಗೇ ತಾನೇ ಎಂದು ಅಲ್ಲಿಯವರೆಗೆ ತಿಳಿದಿದ್ದೆವು. ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಜಾಸ್ತಿ ಏಟು ಬರೆದು ಹೆಚ್ಚು ರಿಯಾಯಿತಿ ಗಿಟ್ಟಿಸುವವರನ್ನು ಎಲ್ಲರೂ ಬಯ್ಯುತ್ತಾರೆ, ಅವರು ಪರರ ಬಹುಮಾನ ಕದಿಯುತ್ತಾರೆಂದು. ಕಡಿಮೆ ಬರೆಯುವವನನ್ನು ಯಾರೂ ಏನೂ ಅನ್ನುವುದಿಲ್ಲ, ನಗುತ್ತಾರೆ. ಜೊತೆಗೆ ನಿಂತವನಿಗೆ ಮಾತ್ರ ಗೊತ್ತು.

ಮರುದಿನ ನಾವು ನಿಯಮದ ಪುಸ್ತಕ ತರಿಸಿ ಓದಿದೆವು. ನಮ್ಮ ಇಂಗ್ಲಿಷ್ ಬಿಲ್ಲು, ಇನ್‌ವಾಯ್ಸುಗಳ ಮಟ್ಟದ್ದು, ಮಗಳ ಸಹಾಯ ಬೇಕಾಯಿತು. ಮೊದಲ ನಿಯಮದಲ್ಲೇ ಒಂದು ಮಾತಿದೆ. ತಮಗೆ ಗೊತ್ತಿರುವ ನಿಯಮವನ್ನು ಇಲ್ಲವೇ ದಂಡವನ್ನು ಬಿಟ್ಟುಬಿಡೋಣವೆಂದು ಆಟಗಾರರು ತಮ್ಮಲ್ಲಿ ಒಪ್ಪಂದ ಮಾಡಿಕೊಂಡರೆ ಅಷ್ಟೂ ಜನ ಪಂದ್ಯದಿಂದ ಹೊರಕ್ಕೆ. ಸ್ನೇಹದಿಂದ ಒಪ್ಪಿದೆವು ಎಂದರೆ ನಡೆಯದು, ಒಪ್ಪಿದ್ದೇ ತಪ್ಪು. ವ್ಯಾಪಾರಿಗಳು ಕೂಡಿ ದರ ನಿಗದಿ ಮಾಡಿಕೊಂಡಂತೆ ಎಂದು ಮಗಳಿಗೆ ವಿವರಿಸಿದೆವು. "ಅಪ್ಪ, ಅದನ್ನೂ ನೀವು ಮಾಡಿದ್ದೀರಿ" ಎಂದಳು. ಆ ಮಾತು ಇನ್ನೊಂದು ಸಂಚಿಕೆಗೆ ಇರಲಿ.

ಈಗ ನಮ್ಮ ತಂಡದಲ್ಲಿ ಕರ್ನಲ್ ಸಾಹೇಬರ ಸಲಹೆಯಂತೆ ಒಂದು ಪದ್ಧತಿ ನಡೆದಿದೆ. ಮೊದಲ ಏಟಿಗೆ ಮುಂಚೆ "ಇವತ್ತು ಮನೆಯಾಟವೋ ಪುಸ್ತಕದ ಆಟವೋ" ಎಂದು ಕೇಳುವುದು. ಮನೆಯಾಟವಾದರೆ ಎಷ್ಟು ಬೇಕಾದರೂ ಗಿಮ್ಮಿ, ಎಷ್ಟು ಬೇಕಾದರೂ ಮುಲ್ಲಿಗನ್, ಆದರೆ ಕಾರ್ಡೇ ಇಲ್ಲ, ಅಂಕಿ ಎಲ್ಲಿಗೂ ಹೋಗದು. ನಿಜ ಹೇಳಬೇಕೆಂದರೆ ಮನೆಯಾಟದ ದಿನವೇ ಹೆಚ್ಚು, ನಗುವೂ ಅಂದೇ ಹೆಚ್ಚು. ಪುಸ್ತಕದ ಆಟಕ್ಕೆ ಕಬ್ಬಿಣದ ವ್ಯಾಪಾರಿಗಳು ಇನ್ನೂ ಗೊಣಗುತ್ತಾರೆ. ಕಾರ್ಡಿಲ್ಲದೆ ಆಡಿದರೆ ಆಟವಾಡಿದಂತೆಯೇ ಇಲ್ಲವೆಂದು ದಲ್ಲಾಳಿಗಳ ದೂರು. ಕಾಡಿನಿಂದ ನಾವು ಕಾಟಿ ಎನ್ನುವ ಕಾಡುಕೋಣ ಬಂದು ದಾರಿಯಲ್ಲಿ ನಿಂತ ದಿನ ಮಾತ್ರ ಪುಸ್ತಕವನ್ನೂ ಕಾರ್ಡನ್ನೂ ಒಟ್ಟಿಗೆ ಜೇಬಿಗಿಟ್ಟು ಎಲ್ಲರೂ ಒಮ್ಮತದಿಂದ ಮುಂದಿನ ಕುಳಿಗೆ ಓಡುತ್ತೇವೆ. ನಮ್ಮ ಹ್ಯಾಂಡಿಕ್ಯಾಪ್ ಇಪ್ಪತ್ತೆಂಟಕ್ಕೆ ಏರಿದೆ. ಕರ್ನಲ್ ಸಾಹೇಬರ ಮಂಡಿ ಇನ್ನೂ ನಡೆಸುತ್ತಿದೆ, ಇನ್ನೊಂದು ಕೊನೆಯ ಪಂದ್ಯ ಆಡೋಣವೆನ್ನುತ್ತಾರೆ.

ಈ ಬೇಸಿಗೆಯಲ್ಲಿ ಮೊಮ್ಮಗ ಮತ್ತೆ ಬಂದಿದ್ದ. ಅಂದು ಪುಸ್ತಕದ ಆಟ. ಅದೇ ಕುಳಿ, ಅದೇ ಗಾರ್ಸ್ ಪೊದೆ. ಚೆಂಡು ಸಿಕ್ಕೇ ಸಿಗುತ್ತದೆಂದು ನಂಬಿ ಎರಡನೆಯ ಚೆಂಡನ್ನು ಮುಂಚೆಯೇ ಹೊಡೆದಿರಲಿಲ್ಲ, ಅದು ನಮ್ಮ ತಪ್ಪು. ಕರ್ನಲ್ ಸಾಹೇಬರು ಗಡಿಯಾರ ಹಿಡಿದರು. ಮೂರು ನಿಮಿಷವಾಯಿತು, ಸಿಗಲಿಲ್ಲ. ಹಿಂದೆ ಕಾಯುತ್ತಿದ್ದ ನಾಲ್ವರು ಹುಡುಗರಿಗೆ ಮುಂದೆ ಹೋಗಲು ಕೈ ಮಾಡಿ, ಇನ್ನೂರು ಗಜ ಏರು ಹತ್ತಿ ಹಿಂದಕ್ಕೆ ನಡೆದೆವು. ಮೊಮ್ಮಗ ಜೊತೆಗೆ ಬಂದ, ಕೇಳದೆಯೇ ಚೀಲ ಹಿಡಿದುಕೊಂಡ. ಅಲ್ಲಿಂದ ಹೊಡೆದದ್ದು ಮೂರನೆಯ ಏಟು. ಆಮೇಲೆ ಉದ್ದ ಹುಲ್ಲು, ಮರಳಿನ ಗುಂಡಿ, ಗುಂಡಿಯಲ್ಲೇ ಇನ್ನೊಂದು ಸಲ. ಗ್ರೀನಿನ ಮೇಲೆ ಎರಡು ಏಟು, ಎರಡನೆಯದು ಬರೀ ಒಂದು ಅಡಿಯದು, ಅದನ್ನೂ ಹೊಡೆದೇ ಬೀಳಿಸಿದೆವು.

"ಒಂಬತ್ತು" ಎಂದೆವು ಕಾರ್ಡು ಹಿಡಿದಿದ್ದ ದಲ್ಲಾಳಿಗಳಿಗೆ.

ಹುಡುಗ ಈಗ ಹದಿಮೂರರವನು, ಹಿರಿಯರ ನಡುವೆ ಬಾಯಿ ಹಾಕುವುದಿಲ್ಲ. ನಮ್ಮ ಮುಖ ನೋಡಿ ಎರಡು ಕೈಯ ಹತ್ತೂ ಬೆರಳು ಬಿಡಿಸಿ ಹಿಡಿದ. ಉದ್ದ ಹುಲ್ಲಿನಲ್ಲಿ ಒಂದು ಸಲ ಬೀಸಿದ್ದು ಚೆಂಡಿಗೆ ತಾಗಿರಲಿಲ್ಲ. ಹೊಡೆಯಬೇಕೆಂದು ಬೀಸಿದ್ದು ತಾಗದಿದ್ದರೂ ಏಟೇ. ನಮಗೆ ನೆನಪೇ ಇರಲಿಲ್ಲ.

ದಲ್ಲಾಳಿಗಳು ಒಂಬತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಹತ್ತು ಎಂದು ಬರೆದರು. ಅಂದಿನ ಚಹಾ ನಮ್ಮ ಲೆಕ್ಕಕ್ಕೆ ಬಂತು.